ಎಲ್ಲಿಂದ ಹಿಡಿದ್ರು ಅಂತ ಕೇಳು

ಹೋದ ತಿಂಗಳು ಊರಿಗೆ ಹೋದಾಗ ಅಪ್ಪ ಕಾಫಿ ಕುಡಿಯೋಕೂ ಬಿಡಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲೇ ನಿಂತಿದ್ದರು. "ಬಾ, ಹೊಲದ ತಾವ ಹೋಗಿ ಬರಣ" ಅಂದರು. ಕೊರಟಗೆರೆ ತಾಲ್ಲೂಕಿನಲ್ಲಿ ನಮ್ಮದು ಎರಡು ಎಕರೆ ಚಿಲ್ಲರೆ ಹೊಲ. ಬದುವಿನ ಮೇಲೆ ನಿಂತರೆ ದೂರಕ್ಕೆ ಸಿದ್ಧರಬೆಟ್ಟ ಕಾಣುತ್ತೆ. ಅವತ್ತು ಬೆಟ್ಟ ನೋಡೋ ಮನಸ್ಸು ಯಾರಿಗೂ ಇರಲಿಲ್ಲ. ಪಕ್ಕದ ಹೊಲದವರು ತಂತಿ ಬೇಲಿ ಹಾಕಿಸೋಕೆ ಅಂತ ಯಾರನ್ನೋ ಕರೆಸಿ ಅಳತೆ ಮಾಡಿಸಿದ್ದರು. ಅಳತೆ ಪ್ರಕಾರ ನಮ್ಮ ಹೊಲದಲ್ಲಿ 3 ಗುಂಟೆ ಅವರದಂತೆ.

ಅವರು ಒಂದು ನಕ್ಷೆಯನ್ನೂ ಕೊಟ್ಟಿದ್ದರು. ಕಂಪ್ಯೂಟರ್‌ನಲ್ಲಿ ತೆಗೆದ ಪ್ರಿಂಟು, ಕೆಂಪು ಗೆರೆ, ಪ್ರತಿ ಬದಿಗೂ ಅಡಿ ಲೆಕ್ಕ. ನಾನು ಇಂಜಿನಿಯರ್ ಅಲ್ಲವೇ, ಅಲ್ಲೇ ಬದುವಿನ ಮೇಲೆ ಕೂತು ಮೊಬೈಲ್ ತೆಗೆದು ಗುಣಿಸಿದೆ. ಎರಡು ಸಲ ಗುಣಿಸಿದೆ. ಒಂದು ಅಡಿಯೂ ಆಚೀಚೆ ಇಲ್ಲ. "ಲೆಕ್ಕ ಸರಿಯಾಗೇ ಇದೆಯಲ್ಲಪ್ಪ" ಅಂದೆ.

ಅಪ್ಪ ನನ್ನ ಮುಖವನ್ನೇ ನೋಡಿದರು. "ಲೆಕ್ಕ ಸರಿ ಐತೆ ಕಣ್ಲಾ. ಟೇಪು ಎಲ್ಲಿಂದ ಹಿಡಿದ್ರು ಅಂತ ಕೇಳು."

ಹಿಡಿದಿದ್ದು ತೆಂಗಿನ ಮರದ ಬುಡದಿಂದ. ನಿಜವಾದ ಬಾಂದು ಕಲ್ಲು ಲಂಟಾನ ಪೊದೆಯೊಳಗೆ ಹೂತುಹೋಗಿತ್ತು. ಅಪ್ಪ ಕುಡುಗೋಲಿನಿಂದ ಸವರಿ ತೋರಿಸಿದರು. ಮರಕ್ಕೂ ಕಲ್ಲಿಗೂ ನಡುವೆ ಹೆಚ್ಚು ಕಡಿಮೆ ಒಂದು ಚೈನು ದೂರ. ಒಂದು ಚೈನು ಅಂದರೆ 33 ಅಡಿ. ಆ ಕಡೆ ಹೊಲದ ಅಗಲ ಮೂರು ಚೈನು. 33ಕ್ಕೆ 33 ಅಡಿ ಒಂದು ಗುಂಟೆ. ಅಲ್ಲಿಗೆ 3 ಗುಂಟೆ ಎಲ್ಲಿಂದ ಬಂತು ಅಂತ ಗೊತ್ತಾಯ್ತು. ಅಳತೆಯಲ್ಲಿ ಒಂದು ಇಂಚೂ ಮೋಸ ಇರಲಿಲ್ಲ, ಶುರುವಾದ ಜಾಗ ಮಾತ್ರ ಬೇರೆಯಾಗಿತ್ತು.

ಇದನ್ನು ಈ ಅಂಕಣದಲ್ಲಿ ಯಾಕೆ ಹೇಳ್ತಿದ್ದೀನಿ ಅಂದರೆ, ಅದಕ್ಕೆ ಹದಿನೈದು ದಿನ ಮುಂಚೆ ಆಫೀಸಿನಲ್ಲಿ ನಾನು ಇದೇ ತಪ್ಪು ಮಾಡಿದ್ದೆ. ಆಗ ಅದು ಎಂಥ ತಪ್ಪು ಅಂತ ನನಗೆ ಪೂರ್ತಿ ಅರ್ಥವಾಗಿರಲಿಲ್ಲ. ತುಮಕೂರು ದಾಟಿ ಬೆಂಗಳೂರಿಗೆ ವಾಪಸ್ ಹೋಗುವಾಗ, ಬಸ್ಸಿನ ಕಿಟಕಿ ಪಕ್ಕ ಕೂತಿದ್ದಾಗ ತಲೆಗೆ ಹೋಯಿತು. ಸಾಮಾನ್ಯವಾಗಿ ಇಲ್ಲಿ ಮೊಬೈಲು, ಓಟಿಪಿ, ಪಾಸ್‌ವರ್ಡು ಅಂತ ಬರೆಯುವವನು ಇವತ್ತು ಸ್ವಲ್ಪ ಒಳಗಿನ ವಿಷಯ ಬರೆಯುತ್ತೇನೆ. ಒಂದು ಕಪ್ಪು ಪರದೆ, ಅದರಲ್ಲಿ ಟೈಪ್ ಮಾಡುವ ಒಂದು ಕಮಾಂಡು. ಅಡುಗೆಮನೆಯಲ್ಲಿ ಕುಕ್ಕರ್ ಇಟ್ಟು ಓದುತ್ತಿರುವವರೂ ಬಿಟ್ಟು ಹೋಗಬೇಡಿ, ಗಣಿತ ಐದು ನಿಮಿಷದ್ದು.

ನೀವು ವಾಟ್ಸಾಪ್‌ನಲ್ಲಿ ಅಕ್ಕನಿಗೆ ಕಳಿಸುವ ಫೋಟೋ ಇರಲಿ, ಬ್ಯಾಂಕಿನ ವೆಬ್‌ಸೈಟಿನ ಬೀಗದ ಚಿತ್ರವಿರಲಿ, ಇವತ್ತು ಇವುಗಳ ಹಿಂದೆ ಹೆಚ್ಚಾಗಿ ಇರುವುದು ಎಲಿಪ್ಟಿಕ್ ಕರ್ವ್ ಅನ್ನುವ ಗಣಿತ. 1985ರಲ್ಲಿ ನೀಲ್ ಕೋಬ್ಲಿಟ್ಜ್ ಮತ್ತು ವಿಕ್ಟರ್ ಮಿಲ್ಲರ್ ಅನ್ನುವ ಇಬ್ಬರು ಅಮೆರಿಕನ್ನರು ಒಬ್ಬರಿಗೊಬ್ಬರು ಗೊತ್ತಿಲ್ಲದೆ ಇದನ್ನು ಗುಟ್ಟು ಕಾಪಾಡಲು ಬಳಸಬಹುದು ಅಂತ ಹೇಳಿದರು. ಹಳೆಯ ಆರ್‌ಎಸ್‌ಎ ವಿಧಾನದಲ್ಲಿ 3072 ಬಿಟ್ಟಿನ ಕೀಲಿ ಕೊಡುವ ಭದ್ರತೆ ಇದರಲ್ಲಿ 256 ಬಿಟ್ಟಿಗೇ ಸಿಗುತ್ತೆ. ಫೋನಿಗೂ ಹಗುರ, ಬ್ಯಾಟರಿಗೂ ಹಗುರ.

ಒಂದು ಪುಟ್ಟ ಉದಾಹರಣೆ. ವೈ ವರ್ಗ = ಎಕ್ಸ್ ಘನ + 2 ಎಕ್ಸ್ + 2 ಅನ್ನುವ ಸಮೀಕರಣ ತಗೊಳ್ಳಿ. ಉತ್ತರ ಎಷ್ಟೇ ದೊಡ್ಡದಾಗಲಿ, 17ರಿಂದ ಭಾಗಿಸಿ ಶೇಷವನ್ನಷ್ಟೇ ಇಟ್ಟುಕೊಳ್ಳಿ. ಗಡಿಯಾರದಲ್ಲಿ 12 ಆದಮೇಲೆ ಮತ್ತೆ 1 ಬರುವಂತೆ ಇಲ್ಲಿ 16 ಆದಮೇಲೆ ಮತ್ತೆ 0. ಈ ಸಮೀಕರಣಕ್ಕೆ ಹೊಂದುವ ಒಂದು ಬಿಂದು (5, 1). ನೋಡಿ: 125 + 10 + 2 = 137, ಅದನ್ನು 17ರಿಂದ ಭಾಗಿಸಿದರೆ ಶೇಷ 1. ಒಂದರ ವರ್ಗವೂ 1. ಸರಿಹೋಯಿತು. ಈ ಬಿಂದುವಿಗೆ ಅದನ್ನೇ 'ಕೂಡುವ' ಒಂದು ನಿಯಮ ಇದೆ. ಒಂದು ಸಲ ಕೂಡಿದರೆ (6, 3), ಇನ್ನೊಂದು ಸಲ ಕೂಡಿದರೆ (10, 6). ಹೀಗೆ ಹೆಜ್ಜೆ ಹಾಕುತ್ತಾ ಹೋಗಿ ಒಂಬತ್ತನೆಯದಕ್ಕೆ (7, 6) ಸಿಗುತ್ತೆ. ಬಿಂದುಗಳು ಯಾವ ಕ್ರಮವೂ ಇಲ್ಲದೆ ಹಾರಾಡುವುದನ್ನು ಗಮನಿಸಿ.

ಈಗ ನಾನು ನಿಮಗೆ ಹೇಳುತ್ತೇನೆ: "ನಾನು (5, 1)ರಿಂದ ಹೊರಟೆ, (7, 6)ಕ್ಕೆ ಬಂದು ನಿಂತೆ. ಎಷ್ಟು ಹೆಜ್ಜೆ?" 17ರ ಲೆಕ್ಕದಲ್ಲಾದರೆ ಬೆರಳು ಮಡಚಿ ಹೇಳುತ್ತೀರಿ. 17ರ ಜಾಗದಲ್ಲಿ 78 ಅಂಕಿಯ ಒಂದು ಅವಿಭಾಜ್ಯ ಸಂಖ್ಯೆ ಇಟ್ಟರೆ, ಈಗಿರುವ ಕಂಪ್ಯೂಟರುಗಳನ್ನೆಲ್ಲಾ ಕೂರಿಸಿದರೂ ಹೆಜ್ಜೆ ಎಣಿಸಲು ಆಗೋಲ್ಲ. ಆ ಹೆಜ್ಜೆ ಲೆಕ್ಕವೇ ನನ್ನ ಗುಟ್ಟು, ನನ್ನ ಖಾಸಗಿ ಕೀಲಿ. ನಿಂತ ಜಾಗ ಊರಿಗೆಲ್ಲಾ ಗೊತ್ತು, ಅದು ಸಾರ್ವಜನಿಕ ಕೀಲಿ. ಸಮೀಕರಣ, ಆ 78 ಅಂಕಿ, ಹೊರಡುವ ಬಿಂದು, ಇವಕ್ಕೆಲ್ಲಾ ಸೇರಿಸಿ ಪ್ಯಾರಾಮೀಟರ್ ಅಂತಾರೆ. ಇವೂ ಬಹಿರಂಗವೇ, ಇವುಗಳಲ್ಲಿ ಮುಚ್ಚಿಡೋದು ಏನೂ ಇಲ್ಲ. ಬಾಂದು ಕಲ್ಲು ಎಲ್ಲರಿಗೂ ಕಾಣುವ ಹಾಗೆ ಇದ್ದರೇ ಅಲ್ಲವೇ ಅದು ಬಾಂದು ಕಲ್ಲು.

ಈ ಪ್ಯಾರಾಮೀಟರುಗಳನ್ನು ನೋಡೋಕೆ, ಬರೆಯೋಕೆ, ಪರೀಕ್ಷಿಸೋಕೆ ಇರುವ ಸಲಕರಣೆ ಓಪನ್‌ಎಸ್‌ಎಸ್‌ಎಲ್ ಅನ್ನುವ ಉಚಿತ ತಂತ್ರಾಂಶದ ಒಂದು ಕಮಾಂಡು. ಹೆಸರು ಇಸಿಪ್ಯಾರಮ್. ಅದಕ್ಕೆ 'ಲಿಸ್ಟ್ ಕರ್ವ್ಸ್' ಅಂತ ಹೇಳಿದರೆ ತನಗೆ ಗೊತ್ತಿರುವ ಕರ್ವ್‌ಗಳ ಹೆಸರನ್ನೆಲ್ಲಾ ಸಾಲಾಗಿ ಒಪ್ಪಿಸುತ್ತೆ. ಈ ಹೆಸರುಗಳದ್ದೇ ಒಂದು ತಮಾಷೆ. ಎಲ್ಲರೂ ಬಳಸುವ ಒಂದೇ ಕರ್ವ್‌ಗೆ ಮೂರು ಹೆಸರು: ಪ್ರೈಮ್256ವಿ1, ಎಸ್‌ಇಸಿಪಿ256ಆರ್1, ಪಿ-256. ನಮ್ಮೂರಲ್ಲಿ ಒಬ್ಬರಿಗೆ ರೇಷನ್ ಕಾರ್ಡಿನಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಒಂದು, ಮಾರ್ಕ್ಸ್ ಕಾರ್ಡಿನಲ್ಲಿ ಇನ್ನೊಂದು ಇರುತ್ತಲ್ಲ, ಹಾಗೆ. ಎಸ್‌ಇಸಿಪಿ256ಕೆ1 ಅಂತ ಇನ್ನೊಂದಿದೆ, ಅದು ಬಿಟ್‌ಕಾಯಿನ್‌ನವರದು, ಬೇರೆಯೇ ಕರ್ವ್. ಒಂದಕ್ಷರ ನೋಡದೆ ಆರ್ ಬದಲು ಕೆ ಹಾಕಿದರೆ ದಿನವಿಡೀ ತಲೆ ಕೆರೆದುಕೊಳ್ಳಬೇಕು. ಕೆರೆದುಕೊಂಡಿದ್ದೀನಿ.

ಆ ಕಮಾಂಡಿನಲ್ಲಿ ಕೀಲಿಯನ್ನು ಎರಡು ರೀತಿ ಬರೆಸಬಹುದು. ಒಂದು, ಬರೀ ಹೆಸರು ಬರೆಯುವುದು: "ಇದು ಪ್ರೈಮ್256ವಿ1 ಪ್ರಕಾರ ಮಾಡಿದ್ದು." ಅದಕ್ಕೆ ಹತ್ತು ಬೈಟು ಸಾಕು. ಇನ್ನೊಂದು, ಎಕ್ಸ್‌ಪ್ಲಿಸಿಟ್ ಅನ್ನುವ ರೀತಿ. ಹೆಸರು ಬಿಟ್ಟು ಸಮೀಕರಣ, ದೊಡ್ಡ ಸಂಖ್ಯೆ, ಹೊರಡುವ ಬಿಂದು ಎಲ್ಲವನ್ನೂ ಅಂಕಿಗಳಲ್ಲೇ ಬಿಡಿಸಿ ಬರೆಯುವುದು. ಅದಕ್ಕೆ 200ಕ್ಕೂ ಹೆಚ್ಚು ಬೈಟು. ಮೊದಲನೆಯದು "ಇಂಥ ಸರ್ವೆ ನಂಬರಿನ ಇಂಥ ಕಲ್ಲಿನಿಂದ" ಅಂದ ಹಾಗೆ. ಎರಡನೆಯದು "ಕಲ್ಲು ನಾನೇ ತಂದಿದ್ದೀನಿ, ಇಲ್ಲಿದೆ ನೋಡಿ" ಅಂದ ಹಾಗೆ.

ಇನ್ನು ನನ್ನ ತಪ್ಪಿಗೆ ಬರೋಣ. ನಾವು ಅಂಗಡಿಗಳಿಗೆ ಬಿಲ್ಲಿಂಗ್ ತಂತ್ರಾಂಶ ಕೊಡುವವರು. ಹಳೇ ಸರ್ವರಿನಿಂದ ಹೊಸದಕ್ಕೆ ಸಾಗಿಸುವ ಕೆಲಸ ನನ್ನದಾಗಿತ್ತು. ಹೊಸ ಕೀಲಿ, ಹೊಸ ಸರ್ಟಿಫಿಕೇಟ್ ಬೇಕು. ಆರು ವರ್ಷದ ಹಿಂದೆ ಯಾರೋ ಬರೆದಿಟ್ಟ ಸ್ಕ್ರಿಪ್ಟ್ ಇತ್ತು, ಬರೆದವರು ಕೆಲಸ ಬಿಟ್ಟು ಹೋಗಿ ಎಷ್ಟೋ ಕಾಲವಾಗಿದೆ. ಅದರಲ್ಲಿ 'ಪ್ಯಾರಮ್ ಎನ್ಕ್ ಎಕ್ಸ್‌ಪ್ಲಿಸಿಟ್' ಅಂತ ಒಂದು ಮಾತು. ಪಕ್ಕದಲ್ಲೇ 'ತೆಗೆಯಬೇಡಿ' ಅಂತ ಟಿಪ್ಪಣಿ. ಯಾಕೆ ಅಂತ ಬರೆದಿಲ್ಲ. ತೆಗೆಯಬೇಡಿ ಅಂದರೆ ತೆಗೆಯಲಿಲ್ಲ. ನನ್ನ ಲ್ಯಾಪ್‌ಟಾಪಿನಿಂದ ಪರೀಕ್ಷೆ ಮಾಡಿದೆ, ಎಲ್ಲಾ ಓಡಿತು. ಕೀಲಿ ಸರಿಯಿದೆಯಾ ಅಂತ ಇಸಿಪ್ಯಾರಮ್‌ಗೆ 'ಚೆಕ್' ಅಂತ ಕೇಳಿದೆ. ಸರಿಯಿದೆ ಅಂತು. ನಾನೇ ಒಪ್ಪಿಗೆ ಹಾಕಿ ರಾತ್ರಿ ಹನ್ನೊಂದಕ್ಕೆ ಬದಲಾಯಿಸಿದೆ.

ಬೆಳಗ್ಗೆ ಆರಕ್ಕೆ ಹಾಲಿನಂಗಡಿಯವರ ಫೋನು ಶುರುವಾಯಿತು. ಬಿಲ್ಲು ಬರ್ತಿಲ್ಲ. ಜಾವಾದಲ್ಲಿ ಬರೆದ ನಮ್ಮ ಹಳೇ ಕೌಂಟರ್ ತಂತ್ರಾಂಶ ಹೊಸ ಸರ್ಟಿಫಿಕೇಟನ್ನು ಮುಟ್ಟೋಕೇ ಒಪ್ಪುತ್ತಿರಲಿಲ್ಲ. ಅದು ಕೊಡುತ್ತಿದ್ದ ದೂರಿನ ಅರ್ಥ ಇಷ್ಟೇ: ಹೆಸರಿರುವ ಪ್ಯಾರಾಮೀಟರುಗಳನ್ನು ಮಾತ್ರ ಒಪ್ಪುತ್ತೇನೆ. ನಾನು ಆ ದೂರನ್ನು ಓದಿದೆ, ಆದರೆ ನಂಬಲಿಲ್ಲ. ಜಾವಾ ಹಳೇದಾಗಿದೆ, ಅದರದ್ದೇ ಗೋಳು ಅಂದುಕೊಂಡು ಎರಡು ಗಂಟೆ ಬೇರೆಲ್ಲೋ ಹುಡುಕಿದೆ. ಆಮೇಲೆ ಹಳೇ ಕೀಲಿ ಮತ್ತು ಹೊಸ ಕೀಲಿಯನ್ನು ಅಕ್ಕಪಕ್ಕ ಇಟ್ಟು 'ಟೆಕ್ಸ್ಟ್' ಅಂತ ಬಿಡಿಸಿ ನೋಡಿದೆ. ಹಳೆಯದರಲ್ಲಿ ಒಂದೇ ಸಾಲಿನ ಹೆಸರು. ಹೊಸದರಲ್ಲಿ ಹೆಸರೇ ಇಲ್ಲ, ಪುಟ ತುಂಬಾ ಅಂಕಿ. ಯಾರೋ ಯಾವಾಗಲೋ ಪ್ರಯೋಗಕ್ಕೆ ಹಾಕಿದ್ದ ಮಾತು, ನಿಜವಾದ ಕೀಲಿಯನ್ನು ಅವರೂ ಅದರಿಂದ ಮಾಡಿರಲಿಲ್ಲ! ಆ ಒಂದು ಮಾತು ಅಳಿಸಿ ಹೊಸದು ಮಾಡಿದ ಮೇಲೆ ಅಂಗಡಿಗಳು ಉಸಿರಾಡಿದವು. ಅಷ್ಟು ಹೊತ್ತಿಗೆ ಹಾಲು ಮಾರಾಟ ಮುಗಿದಿತ್ತು. ಒಬ್ಬರು ನೋಟ್‌ಬುಕ್ಕಿನಲ್ಲಿ ಬರೆದಿಟ್ಟ ಲೆಕ್ಕದ ಫೋಟೋ ಕಳಿಸಿ "ಸಾರ್, ಇದನ್ನೂ ನೀವೇ ಹಾಕಿಬಿಡಿ" ಅಂದರು. ಹಾಕಿದೆ. ಇನ್ನೇನು ಮಾಡಲಿ.

ಆಗ ನನಗೆ ಬಂದ ಸಿಟ್ಟು ಜಾವಾದ ಮೇಲೆ. ಅಂಕಿಗಳು ಪಿ-256ರವೇ, ಒಂದೂ ತಪ್ಪಿಲ್ಲ. ಹೆಸರಿಲ್ಲ ಅಂತ ಇಷ್ಟು ಹಟವೇಕೆ? 2009ರಲ್ಲೇ ಬಂದ ಆರ್‌ಎಫ್‌ಸಿ 5480 ಅನ್ನುವ ಅಂತರ್ಜಾಲದ ನಿಯಮ ಸರ್ಟಿಫಿಕೇಟುಗಳಲ್ಲಿ ಹೆಸರನ್ನಷ್ಟೇ ಬರೆಯಬೇಕು, ಬಿಡಿಸಿ ಬರೆಯಕೂಡದು ಅಂತ ಖಡಾಖಂಡಿತ ಹೇಳಿದೆ. ನಿಯಮ ಗೊತ್ತಿತ್ತು, ಯಾಕೆ ಅಂತ ಒಳಗೆ ಇಳಿದಿರಲಿಲ್ಲ. ಅಪ್ಪನ ಮಾತು ಕೇಳಿದ ಮೇಲೆ ಬಸ್ಸಿನಲ್ಲಿ ನೆನಪಾಗಿದ್ದು 2020ರ ಸಂಕ್ರಾಂತಿ.

ಆಗ ನಾನು ಹೊಸದಾಗಿ ಕೆಲಸಕ್ಕೆ ಸೇರಿದ್ದವನು. ಹಬ್ಬಕ್ಕೆ ಊರಿಗೆ ಬಂದಿದ್ದೆ. ಜನವರಿ 14ರ ರಾತ್ರಿ, ನಮ್ಮಲ್ಲಿ ಹನ್ನೊಂದೂವರೆ ಹೊತ್ತಿಗೆ, ಮೈಕ್ರೋಸಾಫ್ಟ್ ವಿಂಡೋಸ್‌ಗೆ ಒಂದು ತುರ್ತು ತೇಪೆ ಬಿಟ್ಟಿತು. ಮಾರನೇ ದಿನ ಅಮ್ಮ ಎಳ್ಳುಬೆಲ್ಲ ಹಂಚುತ್ತಿದ್ದರೆ ನಾನು ಫೋನಿನ ಹಾಟ್‌ಸ್ಪಾಟ್ ಹಿಡಿದು ಮಾಳಿಗೆ ಮೇಲೆ ಕೂತು ಆಫೀಸಿನ ಯಂತ್ರಗಳಿಗೆ ತೇಪೆ ಹಾಕುತ್ತಿದ್ದೆ. ಆ ಲೋಪಕ್ಕೆ ಕರ್ವ್‌ಬಾಲ್ ಅನ್ನುವ ಹೆಸರು ಬಂತು. ಕಂಡುಹಿಡಿದು ತಿಳಿಸಿದ್ದು ಅಮೆರಿಕದ ಗೂಢಚಾರ ಸಂಸ್ಥೆ ಎನ್‌ಎಸ್‌ಎ. ವಿಂಡೋಸ್ 10ರಂಥ ಕೋಟ್ಯಂತರ ಯಂತ್ರಗಳಲ್ಲಿ ಇದ್ದದ್ದು.

ಲೋಪ ಏನು ಅಂತ ನಮ್ಮ 17ರ ಲೆಕ್ಕದಲ್ಲೇ ಹೇಳಬಹುದು. ದೊಡ್ಡ ಪ್ರಾಧಿಕಾರವೊಂದರ ಸಾರ್ವಜನಿಕ ಕೀಲಿ (7, 6) ಅಂದುಕೊಳ್ಳಿ. (5, 1)ರಿಂದ ಹೊರಟು ಎಷ್ಟು ಹೆಜ್ಜೆ ಅಂತ ಅವರಿಗೆ ಮಾತ್ರ ಗೊತ್ತು. ನನಗೆ ಅದನ್ನು ಎಣಿಸೋಕೆ ಆಗೋಲ್ಲ. ನಾನೇನು ಮಾಡ್ತೀನಿ? ಬಿಡಿಸಿ ಬರೆಯುವ ರೀತಿಯಲ್ಲಿ ಒಂದು ಸರ್ಟಿಫಿಕೇಟ್ ಬರೀತೀನಿ. ಸಮೀಕರಣ ಅದೇ, 17 ಅದೇ, ನಿಂತ ಜಾಗ ಅದೇ (7, 6). ಹೊರಟ ಜಾಗ ಅನ್ನುವಲ್ಲಿ ಮಾತ್ರ (5, 1)ರ ಬದಲು (7, 6) ಅಂತಲೇ ಬರೆಯುತ್ತೀನಿ. ಈಗ ಗುಟ್ಟಿನ ಹೆಜ್ಜೆ ಎಷ್ಟು? ಒಂದು. ನನಗೂ ಗೊತ್ತು, ನಿಮಗೂ ಗೊತ್ತು! ವಿಂಡೋಸ್ ತನ್ನ ಹತ್ತಿರ ಇದ್ದ ಪ್ರಾಧಿಕಾರದ ಕೀಲಿಯನ್ನು ಇದರ ಜೊತೆ ಹೋಲಿಸಿತು. ನಿಂತ ಜಾಗ ಒಂದೇ ಇದೆ, ಹಾಗಾದರೆ ಇವರೇ ಅವರು ಅಂದುಬಿಟ್ಟಿತು. ಹೊರಟ ಜಾಗ ನೋಡಲೇ ಇಲ್ಲ. ಒಂದೆರಡು ದಿನದಲ್ಲೇ ಸಂಶೋಧಕರು ಇದನ್ನು ಮಾಡಿಯೂ ತೋರಿಸಿದರು. ಒಬ್ಬರಂತೂ ಎನ್‌ಎಸ್‌ಎ ವೆಬ್‌ಸೈಟಿನ ಹೆಸರಿನಲ್ಲೇ ರಿಕ್ ಆಸ್ಲೆಯ ಹಾಡು ಹಾಕಿದ್ದರು, ಬೀಗದ ಚಿತ್ರ ಸಮೇತ.

ತೆಂಗಿನ ಮರದ ಬುಡ ನೆನಪಾಯಿತಾ?

ಇಲ್ಲಿ ಇನ್ನೊಂದು ಸೂಕ್ಷ್ಮ ಇದೆ, ನನ್ನಂಥವರು ಬೀಳುವುದು ಅಲ್ಲೇ. ಆ ಪುಟ್ಟ ಕರ್ವ್‌ನಲ್ಲಿ ಒಟ್ಟು ಬಿಂದುಗಳು, 'ಅನಂತದ ಬಿಂದು' ಅನ್ನುವ ಒಂದನ್ನೂ ಸೇರಿಸಿ, 19. ಅದು ಅವಿಭಾಜ್ಯ ಸಂಖ್ಯೆ. ಹಾಗಾಗಿ ಆ ಅನಂತದ್ದೊಂದು ಬಿಟ್ಟು ಯಾವ ಬಿಂದುವಿನಿಂದ ಹೊರಟರೂ ಎಲ್ಲಾ ಬಿಂದುಗಳನ್ನೂ ಸುತ್ತಿ ಬರಬಹುದು. ಪಿ-256ರಲ್ಲೂ ಅಷ್ಟೇ. ಅಂದರೆ ಹೊರಟ ಜಾಗ ಬದಲಾಯಿಸಿದ ಕಳ್ಳ ಪ್ಯಾರಾಮೀಟರುಗಳೂ ಗಣಿತದ ಪ್ರಕಾರ ಶುದ್ಧವೇ. ಇಸಿಪ್ಯಾರಮ್‌ಗೆ 'ಚೆಕ್' ಅಂದರೆ ಅದಕ್ಕೂ ಸರಿಯಿದೆ ಅಂತಲೇ ಹೇಳುತ್ತೆ. ಸುಳ್ಳೇನೂ ಅಲ್ಲ, ಲೆಕ್ಕ ಸರಿಯೇ ಇರುತ್ತೆ. ಹೊಸ ಆವೃತ್ತಿಯಲ್ಲಿ 'ಚೆಕ್ ನೇಮ್ಡ್' ಅಂತ ಇನ್ನೊಂದು ಆಯ್ಕೆ ಇದೆ. ಅದು ಲೆಕ್ಕ ಕೇಳೋಲ್ಲ, ಈ ಅಂಕಿಗಳು ಎಲ್ಲರಿಗೂ ಗೊತ್ತಿರುವ ಯಾವುದಾದರೂ ಕರ್ವ್‌ಗೆ ಹೊಂದುತ್ತವಾ ಅಂತ ನೋಡುತ್ತೆ. ಬದುವಿನ ಮೇಲೆ ಕೂತು ನಾನು ಮಾಡಿದ್ದು 'ಚೆಕ್'. ಅಪ್ಪ ಕೇಳಿದ್ದು 'ಚೆಕ್ ನೇಮ್ಡ್'. ಏಳನೇ ಕ್ಲಾಸ್ ಓದಿದವರು.

ಓಪನ್‌ಎಸ್‌ಎಸ್‌ಎಲ್ ಕೂಡ ಏಟು ತಿಂದಿದೆ. 2022ರ ಮಾರ್ಚ್ 15ರಂದು ಪ್ರಕಟವಾದ ಲೋಪ ಅದರದ್ದೇ. ಬಿಡಿಸಿ ಬರೆದ ಸರ್ಟಿಫಿಕೇಟಿನಲ್ಲಿ ಅವಿಭಾಜ್ಯ ಸಂಖ್ಯೆ ಇರಬೇಕಾದ ಕಡೆ ಅವಿಭಾಜ್ಯವಲ್ಲದ್ದನ್ನು ಇಟ್ಟರೆ, ವರ್ಗಮೂಲ ಹುಡುಕುವ ಭಾಗ ಕೊನೆಯಿಲ್ಲದೆ ಸುತ್ತುತ್ತಾ ಕೂರುತ್ತಿತ್ತು. ಸರ್ವರ್ ಅಲ್ಲೇ ಸ್ತಬ್ಧ. ಗೂಗಲ್‌ನ ಟ್ಯಾವಿಸ್ ಆರ್ಮಂಡಿ ಕಂಡುಹಿಡಿದದ್ದು. ಹೊರಗಿನವರು ತಂದ ಕಲ್ಲನ್ನು ಹಿಡಿದುಕೊಂಡರೆ ಮೊದಲು ಅದು ಕಲ್ಲೇನಾ ಅಂತ ನೋಡಬೇಕಾಗುತ್ತೆ, ಆ ನೋಡುವ ಕೆಲಸದಲ್ಲೇ ಮುಗ್ಗರಿಸಿತು.

ಹಾಗಾದರೆ ಹೆಸರಿರುವ ಕಲ್ಲುಗಳನ್ನೆಲ್ಲಾ ಕಣ್ಣುಮುಚ್ಚಿ ನಂಬಬೇಕಾ? ನನ್ನ ಗೆಳೆಯನೊಬ್ಬ ಇದನ್ನೇ ಕೇಳಿದ. ನ್ಯಾಯವಾದ ಪ್ರಶ್ನೆ. ಪಿ-256ರ ಅಂಕಿಗಳನ್ನು ಬಿಡಿಸಿ ನೋಡಿದರೆ ಕೊನೆಯಲ್ಲಿ 'ಸೀಡ್' ಅಂತ 20 ಬೈಟಿನ ಒಂದು ಸಾಲು ಬರುತ್ತೆ, ಸಿ4 9ಡಿ 36 08 ಅಂತ ಶುರು. ಆ ಬೀಜದಿಂದ ಸಮೀಕರಣದ ಒಂದು ಸಂಖ್ಯೆ ಹುಟ್ಟಿದೆ. ಬೀಜ ಎಲ್ಲಿಂದ ಬಂತು ಅನ್ನುವುದಕ್ಕೆ ಸರಿಯಾದ ವಿವರಣೆ ಯಾರೂ ಕೊಟ್ಟಿಲ್ಲ. ಬಂದದ್ದು ಎನ್‌ಎಸ್‌ಎ ಕಡೆಯಿಂದ. ಇಂಥ ಬೀಜಗಳ ಮೂಲ ಪದಗಳನ್ನು ಕಂಡುಹಿಡಿದವರಿಗೆ ಒಟ್ಟು 12,288 ಡಾಲರ್ ಬಹುಮಾನ ಅಂತ 2023ರಲ್ಲಿ ಕೆಲವರು ಘೋಷಿಸಿದರು. ಈ ಅನುಮಾನ ಇಷ್ಟವಿಲ್ಲದವರಿಗೆ ಡೇನಿಯಲ್ ಬರ್ನ್‌ಸ್ಟೈನ್ ಕೊಟ್ಟ ಕರ್ವ್25519 ಇದೆ. ಅದರ ದೊಡ್ಡ ಸಂಖ್ಯೆ ಎರಡರ 255ನೇ ಘಾತದಿಂದ 19 ಕಳೆದದ್ದು, ಯಾಕೆ ಅದೇ ಅನ್ನುವುದಕ್ಕೂ ಕಾರಣ ಬರೆದಿಟ್ಟಿದ್ದಾರೆ. ವಾಟ್ಸಾಪ್ ಬಳಸುವುದು ಇದನ್ನೇ. ಹೊಸ ಕೆಲಸಕ್ಕೆ ನಾನೂ ಇದನ್ನೇ ಆರಿಸುತ್ತೇನೆ. ಹಾಗಂತ ಪಿ-256ನ್ನು ಬೈಯುವವರ ಗುಂಪಿಗೆ ಸೇರಿದವನಲ್ಲ. ಎರಡು ದಶಕಕ್ಕೂ ಮೀರಿ ಲೋಕದ ಗಣಿತಜ್ಞರೆಲ್ಲಾ ಅದನ್ನು ತಟ್ಟಿ ನೋಡಿದ್ದಾರೆ, ಬಿರುಕು ಸಿಕ್ಕಿಲ್ಲ. ಯಾರು ನೆಟ್ಟರು ಅನ್ನುವುದಕ್ಕಿಂತ ಎಷ್ಟು ಜನ ನೋಡಿದ್ದಾರೆ ಅನ್ನುವುದು ನನಗೆ ದೊಡ್ಡದು.

ಈಗ ಮತ್ತೆ ಹೊಲಕ್ಕೆ. ನಮ್ಮ ರಾಜ್ಯದಲ್ಲಿ 2000ದ ಸುಮಾರಿಗೆ 'ಭೂಮಿ' ಯೋಜನೆ ಬಂದ ಮೇಲೆ ಪಹಣಿ ಕಂಪ್ಯೂಟರಿಗೆ ಹೋಯಿತು. ಈಗ ಮೊಬೈಲಿನಲ್ಲೇ ನೋಡಬಹುದು. ನಾನು ಅಪ್ಪನಿಗೆ ಠೀವಿಯಿಂದ ತೆಗೆದು ತೋರಿಸಿದೆ, ಹೆಸರು, ವಿಸ್ತೀರ್ಣ ಎಲ್ಲಾ ಇದೆ. ಅವರು, "ಎಷ್ಟು ಅಂತ ಐತೆ. ಎಲ್ಲಿ ಅಂತ ಎಲ್ಲೈತೆ?" ಅಂದರು. ಹೌದು, ಪಹಣಿಯಲ್ಲಿ ಕಲ್ಲಿನ ವಿಷಯ ಇರೋಲ್ಲ. ಅದು ಇರೋದು ಸರ್ವೆ ಇಲಾಖೆಯ ಹಳೇ ಟಿಪ್ಪಣಿಯಲ್ಲಿ. ಆ ಕಾಲದಲ್ಲಿ ಚೈನು ಹಿಡಿದು ಅಳೆದವರು ಯಾವ ಮೂಲೆಯಿಂದ ಯಾವ ಮೂಲೆಗೆ ಎಷ್ಟು ಅಂತ ಬರೆದಿಟ್ಟಿದ್ದು.

ಟಿಪ್ಪಣಿ ನಕಲಿಗೂ ಹದ್ದುಬಸ್ತಿಗೂ ಅರ್ಜಿ ಕೊಟ್ಟಾಗಿದೆ. ಪಕ್ಕದವರ ಜೊತೆ ಮಾತು ಬಿಟ್ಟಿಲ್ಲ, ಅದು ದೊಡ್ಡ ಸಮಾಧಾನ. ಅವರೂ ಬೇಕಂತ ಮಾಡಿದ್ದಲ್ಲ, ಅವರಪ್ಪ ಮರ ತೋರಿಸಿ ಹೋಗಿದ್ದರಂತೆ, ಕಲ್ಲು ಅವರ ಕಣ್ಣಿಗೇ ಬಿದ್ದಿರಲಿಲ್ಲ. ತಂತಿ ಸುರುಳಿ ಅವರ ಜಗುಲಿ ಮೇಲೆ ಹಾಗೇ ಇದೆ. ಸರ್ವೆಯವರು ಬರುವ ದಿನ ನಾನೂ ರಜೆ ಹಾಕಿ ಬರಬೇಕು ಅಂತ ಅಪ್ಪನ ಆಜ್ಞೆ. ಗುಣಿಸೋಕಲ್ಲ, ಟೇಪಿನ ಈ ತುದಿ ಹಿಡಿದುಕೊಂಡು ಕಲ್ಲಿನ ಪಕ್ಕ ನಿಂತಿರೋಕೆ.